ತೂಕಡಿಸುವ ತರಗತಿ, ಇಳಿಯದ ಬಿಲ್

ಪ್ರಶ್ನೆ: ನಾನು ಒಂದು ಶಾಲೆಯ ಆಡಳಿತ ಸಮಿತಿಯಲ್ಲಿದ್ದೇನೆ. ನಮ್ಮದು ಮೂರು ಅಂತಸ್ತಿನ ಕಟ್ಟಡ, ಒಂದೊಂದು ತರಗತಿಯಲ್ಲೂ ಸುಮಾರು 40 ಮಕ್ಕಳು. ವಿದ್ಯುತ್ ಖರ್ಚು ಏರುತ್ತಲೇ ಇತ್ತು. ಹಾಗಾಗಿ ಕಳೆದ ವರ್ಷ ಕಿಟಕಿ ಸಂದುಗಳನ್ನೆಲ್ಲ ಮುಚ್ಚಿಸಿ, ವೆಂಟಿಲೇಟರ್‌ಗಳಿಗೆ ಗಾಜು ಕೂರಿಸಿದೆವು. ಮೇಲಿನ ಅಂತಸ್ತಿನ, ಪಶ್ಚಿಮಕ್ಕೆ ಮುಖ ಮಾಡಿದ ಆರು ಕೋಣೆಗಳಿಗೆ ಒಂದೂವರೆ ಟನ್ನಿನ ಎಸಿ ಹಾಕಿಸಿದೆವು. ಬಿಲ್ ಅಂದುಕೊಂಡಷ್ಟು ಇಳಿಯಲಿಲ್ಲ. ಮಧ್ಯಾಹ್ನದ ಮೇಲೆ ಮಕ್ಕಳು ತೂಕಡಿಸುತ್ತಾರೆ, ತಲೆನೋವು ಎನ್ನುತ್ತಾರೆ. ಎಸಿ ಓಡುತ್ತಿರುವಾಗಲೇ ಶಿಕ್ಷಕರು ಕಿಟಕಿ ತೆರೆದಿಡುತ್ತಾರೆ. ಈಗ ತಾರಸಿಯ ಮೇಲೆ ಸೌರಫಲಕ ಹಾಕಿಸೋಣ ಎಂಬ ಮಾತು ಬಂದಿದೆ. ಶಾಲೆಯಲ್ಲಿ ವಿದ್ಯುತ್ ಉಳಿಸಬೇಕೆಂದರೆ ಮಕ್ಕಳ ನೆಮ್ಮದಿಯನ್ನು ಸ್ವಲ್ಪ ಬಿಟ್ಟುಕೊಡಲೇಬೇಕೆ?

ಉತ್ತರ: ಕಿಟಕಿ ತೆರೆಯುವ ಶಿಕ್ಷಕರ ಮೇಲೆ ನಿಮಗೆ ಬೇಸರವಿದೆ ಎಂಬುದು ಪತ್ರದ ಧಾಟಿಯಲ್ಲೇ ಗೊತ್ತಾಗುತ್ತದೆ. ನನಗೇನೋ ನಿಮ್ಮ ಶಾಲೆಯ ಕಾಯಿಲೆಯನ್ನು ಸರಿಯಾಗಿ ಗುರುತಿಸಿದವರು ಅವರೇ ಅನ್ನಿಸುತ್ತದೆ. ಗೋಡೆಗೆ ಕೂರಿಸುವ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಲೋಟದಷ್ಟು ಗಾಳಿಯನ್ನೂ ತರುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದುಕೊಂಡು, ತಣ್ಣಗೆ ಮಾಡಿ, ಮತ್ತೆ ಕೋಣೆಗೇ ಬಿಡುತ್ತದೆ. ನೀವು ಸಂದು ಮುಚ್ಚಿಸಿದಿರಿ, ವೆಂಟಿಲೇಟರ್‌ಗೆ ಗಾಜು ಹಾಕಿಸಿದಿರಿ, ಅದರ ಮೇಲೆ ಎಸಿ ತಂದಿರಿ. ಈಗ ಆ 40 ಮಕ್ಕಳು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾ ಕೂತಿದ್ದಾರೆ. ಕಿಟಕಿ ತೆರೆಯದೆ ಆ ಶಿಕ್ಷಕರು ಇನ್ನೇನು ಮಾಡಬೇಕು?

ಲೆಕ್ಕ ಹಾಕಿಯೇ ನೋಡೋಣ. ಕೋಣೆ ಏಳು ಮೀಟರ್ ಉದ್ದ, ಏಳು ಮೀಟರ್ ಅಗಲ, ಮೂರು ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಒಳಗಿರುವ ಗಾಳಿ ಸುಮಾರು 1,47,000 ಲೀಟರ್. ಕೂತು ಪಾಠ ಕೇಳುವ ಒಂದು ಮಗು ನಿಮಿಷಕ್ಕೆ ಹತ್ತಿರ ಹತ್ತಿರ ಕಾಲು ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. 40 ಮಕ್ಕಳು ಸೇರಿದರೆ ನಿಮಿಷಕ್ಕೆ ಹತ್ತು ಲೀಟರ್. ಅಂದರೆ ಪ್ರತಿ ನಿಮಿಷವೂ ಕೋಣೆಯ ಗಾಳಿಯಲ್ಲಿ ಆ ಅನಿಲ 65ರಿಂದ 70 ಪಿಪಿಎಂ ಏರುತ್ತದೆ (ಪಿಪಿಎಂ ಎಂದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಎಷ್ಟು ಭಾಗ ಎಂಬ ಅಳತೆ). ಹೊರಗಿನ ಗಾಳಿಯಲ್ಲಿ ಇರುವುದು 420ಕ್ಕಿಂತ ತುಸು ಹೆಚ್ಚು. ಎಲ್ಲ ಮುಚ್ಚಿದ ಕೋಣೆಯಲ್ಲಿ ಹಾಜರಿ ಕರೆದು ಮುಗಿಯುವಷ್ಟರಲ್ಲಿ, ಅಂದರೆ ಒಂಬತ್ತು ನಿಮಿಷಕ್ಕೆ, ಅದು 1,000 ದಾಟಿರುತ್ತದೆ. 40 ನಿಮಿಷದ ಪಿರಿಯಡ್ ಮುಗಿಯುವಾಗ 3,000ದ ಹತ್ತಿರ. ಪೂರ್ತಿ ಮುಚ್ಚಿದ ಕೋಣೆ ಎಂಬುದು ಎಲ್ಲೂ ಇರುವುದಿಲ್ಲ, ಬಾಗಿಲ ಸಂದಿನಿಂದ ಒಂದಿಷ್ಟು ಗಾಳಿ ಆಡುತ್ತಲೇ ಇರುತ್ತದೆ, ಹಾಗಾಗಿ ನಿಮ್ಮಲ್ಲಿ ಅಷ್ಟು ಏರದೆ ಇರಬಹುದು. ಆದರೆ ದಿಕ್ಕು ಅದೇ.

ಈ ಸಾವಿರದ ಗೆರೆ ಹೊಸದಲ್ಲ. ಮ್ಯೂನಿಕ್‌ನ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಇದನ್ನು ಸೂಚಿಸಿದ್ದರು. ಆ ಮಟ್ಟದಲ್ಲಿ ಡೈಆಕ್ಸೈಡ್ ವಿಷ ಎಂದು ಅವರು ಹೇಳಲಿಲ್ಲ. ಅದು ಬರೀ ಗುರುತು. ಅದು ಏರಿದೆ ಎಂದರೆ ಮೈವಾಸನೆ, ತೇವ, ಕೆಮ್ಮಿದವರ ಉಸಿರಿನ ಹನಿ ಎಲ್ಲವೂ ಅದರ ಜೊತೆ ಏರಿದೆ ಎಂದರ್ಥ. ಡೆನ್ಮಾರ್ಕಿನ ಪಾವೆಲ್ ವಾರ್ಗೊಕಿ ಮತ್ತು ಡೇವಿಡ್ ವಯನ್ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 10ರಿಂದ 12 ವರ್ಷದ ಮಕ್ಕಳ ತರಗತಿಗೆ ಬರುವ ಹೊರಗಾಳಿಯನ್ನು ಒಬ್ಬರಿಗೆ ಸೆಕೆಂಡಿಗೆ ಸುಮಾರು 5 ಲೀಟರ್‌ನಿಂದ 10 ಲೀಟರ್‌ಗೆ ಏರಿಸಿದಾಗ ಮಕ್ಕಳು ಲೆಕ್ಕ ಮತ್ತು ಓದಿನ ಕೆಲಸಗಳನ್ನು ಹೆಚ್ಚು ವೇಗವಾಗಿ ಮಾಡಿದರು. ಸೆಖೆಯನ್ನು 25 ಡಿಗ್ರಿಯಿಂದ 20ಕ್ಕೆ ಇಳಿಸಿದಾಗಲೂ ಹಾಗೇ ಆಯಿತು. ಎರಡನೆಯ ಅಂಕಿಯನ್ನು ಹಿಡಿದುಕೊಂಡು ಎಸಿಯನ್ನು 20ಕ್ಕೆ ಇಡಬೇಡಿ. ಅದು ಚಳಿ ದೇಶದ ಮಕ್ಕಳ ಕಥೆ, ಏಕೆ ಎಂದು ಮುಂದೆ ಹೇಳುತ್ತೇನೆ.

ನೀವು ಮಾಡಿದ ತಪ್ಪನ್ನು ನಿಮಗಿಂತ ಮೊದಲು ಇಡೀ ಒಂದು ಪೀಳಿಗೆಯ ಎಂಜಿನಿಯರುಗಳೇ ಮಾಡಿದ್ದಾರೆ, ಅಷ್ಟು ಸಮಾಧಾನ ಇರಲಿ. 1973ರ ತೈಲ ಬಿಕ್ಕಟ್ಟಿನ ನಂತರ ಉಳಿತಾಯ ಎಂದರೆ ಕಟ್ಟಡವನ್ನು ಬಿಗಿಯಾಗಿ ಮುಚ್ಚುವುದು ಎಂದಾಗಿಬಿಟ್ಟಿತ್ತು. ಅಮೆರಿಕದ ತಾಪನ ಮತ್ತು ಶೀತಲೀಕರಣ ಎಂಜಿನಿಯರುಗಳ ಸಂಘ ‘ಆಶ್ರೇ’ 1981ರ ತನ್ನ ಮಾನದಂಡದಲ್ಲಿ, ಧೂಮಪಾನವಿಲ್ಲದ ಕಡೆ ಒಬ್ಬರಿಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಸಾಕು ಎಂದಿತು. ಅಂಥ ಕಟ್ಟಡಗಳಲ್ಲಿ ತಲೆನೋವು, ಕಣ್ಣುರಿ, ಸುಸ್ತು ಎಂಬ ದೂರುಗಳ ಸಾಲೇ ಎದ್ದಿತು. ‘ಕಾಯಿಲೆ ಕಟ್ಟಡ’ ಎಂಬ ಮಾತು ಚಾಲ್ತಿಗೆ ಬಂದದ್ದು ಆ ದಶಕದಲ್ಲೇ. 1989ರಲ್ಲಿ ಅದೇ ಸಂಘ ಆ ಅಂಕಿಯನ್ನು ಮೂರು ಪಟ್ಟು ಮಾಡಿ 15ಕ್ಕೆ ಏರಿಸಿತು, ಅಂದರೆ ಸೆಕೆಂಡಿಗೆ ಸುಮಾರು 7 ಲೀಟರ್. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡು, ಆಮೇಲೆ ಹೊಲಿಸಿಕೊಂಡ ಹಾಗೆ.

ಇದಕ್ಕೂ ಮೊದಲಿನ, ಇನ್ನೂ ಸ್ವಾರಸ್ಯದ ಒಂದು ಶಾಲೆ ಇದೆ. ಇಂಗ್ಲೆಂಡಿನ ವಾಲಸಿಯಲ್ಲಿ ಎಮ್ಸ್ಲಿ ಮಾರ್ಗನ್ ಎಂಬ ವಾಸ್ತುಶಿಲ್ಪಿ 1961ರಲ್ಲಿ ಕಟ್ಟಿದ ಸೇಂಟ್ ಜಾರ್ಜ್ ಶಾಲೆ. ದಕ್ಷಿಣದ ಗೋಡೆಗೆ ಗೋಡೆಯೇ ಎರಡು ಪದರದ ಗಾಜು, ಉಳಿದದ್ದೆಲ್ಲ ದಪ್ಪ ಕಾಂಕ್ರೀಟು, ಹೊರಗೆ ಶಾಖ ತಡೆಯುವ ಹೊದಿಕೆ. ಆ ಚಳಿಯಲ್ಲಿ ಶಾಲೆಯನ್ನು ಬೆಚ್ಚಗಿಟ್ಟದ್ದು ಮೂರೇ: ಬಿಸಿಲು, ವಿದ್ಯುತ್ ದೀಪ, ಮಕ್ಕಳ ಮೈಬಿಸಿ. ಅವಶ್ಯಕತೆ ಬಿದ್ದರೆ ಇರಲಿ ಎಂದು ಕೂರಿಸಿದ್ದ ಹೀಟರ್ ವ್ಯವಸ್ಥೆ ಹೆಚ್ಚುಕಡಿಮೆ ಕೆಲಸವಿಲ್ಲದೆ ಕೂತಿತ್ತು. ಇಂಧನದ ಲೆಕ್ಕದಲ್ಲಿ ಆ ಕಾಲಕ್ಕೆ ಅದು ಪವಾಡವೇ. ಆದರೆ ಆ ಬಿಸಿ ಉಳಿಯಬೇಕೆಂದರೆ ಚಳಿಗಾಲದಲ್ಲಿ ಕಿಟಕಿ ಮುಚ್ಚಿರಬೇಕು. ತರಗತಿಗಳಲ್ಲಿ ಉಸಿರುಗಟ್ಟಿದ ಗಾಳಿ, ಮುಗ್ಗು ವಾಸನೆ ಎಂಬ ದೂರು ಅದರ ಹೆಸರಿನ ಜೊತೆಗೇ ಉಳಿದುಕೊಂಡಿತು. ಆ ಕಟ್ಟಡದಲ್ಲಿ ನನಗೆ ಎರಡು ಸಂಗತಿ ಕಾಣುತ್ತದೆ. ಗಾಳಿಯಿಂದ ಕದ್ದ ಉಳಿತಾಯ ಎಂದೂ ದಕ್ಕುವುದಿಲ್ಲ ಎಂಬುದು ಒಂದು. ಮತ್ತೊಂದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ: ತುಂಬಿದ ತರಗತಿಯೊಳಗೆ ಮಕ್ಕಳೇ ಒಂದು ದೊಡ್ಡ ಒಲೆ.

ಕೂತ ಮಗುವಿನ ಮೈಯಿಂದ ಸುಮಾರು 70 ವ್ಯಾಟ್ ಬಿಸಿ ಬರುತ್ತದೆ. 40 ಮಕ್ಕಳೆಂದರೆ 2,800 ವ್ಯಾಟ್, ಅಂದರೆ ಎರಡು ದೊಡ್ಡ ರೂಮ್ ಹೀಟರ್‌ಗಳನ್ನು ಹಚ್ಚಿಟ್ಟ ಹಾಗೆ. ಈಗ ನಿಮ್ಮ ಪಶ್ಚಿಮದ ಕಿಟಕಿಗಳಿಗೆ ಬನ್ನಿ. ಮಧ್ಯಾಹ್ನ ಕಳೆದ ಮೇಲಿನ ಇಳಿಬಿಸಿಲು ಗಾಜಿಗೆ ನೇರವಾಗಿ ಬಡಿಯುವಾಗ ಒಂದು ಚದರ ಮೀಟರಿಗೆ 600 ವ್ಯಾಟ್ ಎಂಬುದು ಅತಿಯಾದ ಲೆಕ್ಕವಲ್ಲ. ಸಾದಾ ಗಾಜು ಅದರಲ್ಲಿ ಹತ್ತಕ್ಕೆ ಎಂಟು ಪಾಲನ್ನು ಒಳಗೆ ಬಿಡುತ್ತದೆ. ಕೋಣೆಗೆ ಆರು ಚದರ ಮೀಟರ್ ಗಾಜಿದ್ದರೆ ಸುಮಾರು 2,900 ವ್ಯಾಟ್. ಪಾಠ ನಡೆಯುತ್ತಿರುವಾಗ ಇನ್ನೊಂದು ತರಗತಿಯ ಮಕ್ಕಳೆಲ್ಲ ಬಂದು ಮಧ್ಯೆ ಮಧ್ಯೆ ಒತ್ತಿಕೊಂಡು ಕೂತಂತಾಯಿತು. ಎರಡೂ ಸೇರಿ 5,700. ನಿಮ್ಮ ಒಂದೂವರೆ ಟನ್ನಿನ ಎಸಿ ಎಷ್ಟೇ ಹೆಣಗಿದರೂ ಎತ್ತಿ ಹೊರಹಾಕುವುದು ಸುಮಾರು 5,200 ವ್ಯಾಟ್. ತಾರಸಿಯಿಂದ ಇಳಿಯುವ ಬಿಸಿಯನ್ನು ನಾನಿನ್ನೂ ಸೇರಿಸಿಲ್ಲ. ಬಿಲ್ ಯಾಕೆ ಇಳಿಯಲಿಲ್ಲ ಎಂಬುದಕ್ಕೆ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ. ಯಂತ್ರ ಒಂದು ಗಳಿಗೆಯೂ ನಿಲ್ಲದೆ ಓಡುತ್ತಿದೆ, ಆದರೂ ಸೋಲುತ್ತಿದೆ.

ಮಕ್ಕಳನ್ನು ಕಡಿಮೆ ಮಾಡಲು ಆಗುವುದಿಲ್ಲ, ಬಿಸಿಲನ್ನು ಮಾಡಬಹುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಳಗಡೆ ಪರದೆ ಹಾಕುವುದು. ಪರದೆಗೆ ಬಿಸಿಲು ಬೀಳುವ ಹೊತ್ತಿಗೆ ಅದು ಗಾಜು ದಾಟಿ ಒಳಗೆ ಬಂದಾಗಿದೆ. ಬಟ್ಟೆ ಕಾದು ಆ ಬಿಸಿಯನ್ನು ಕೋಣೆಗೇ ಕೊಡುತ್ತದೆ. ಜೊತೆಗೆ ಕತ್ತಲಾಗಿ, ನಡುಹಗಲಿನಲ್ಲಿ ಟ್ಯೂಬ್‌ಲೈಟ್ ಹಾಕಬೇಕಾಗುತ್ತದೆ. ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಕಿಟಕಿ ಮೇಲಿನ ಅಡ್ಡ ಸಜ್ಜಾ ನೆತ್ತಿಯ ಸೂರ್ಯನಿಗೆ ಸರಿ, ಪಶ್ಚಿಮದ ಇಳಿಸೂರ್ಯ ಅದರ ಕೆಳಗಿನಿಂದ ನುಸುಳುತ್ತಾನೆ. ಆ ಕಡೆಗೆ ಬೇಕಾದದ್ದು ಕಿಟಕಿಯ ಹೊರಗೆ ನಿಂತ ಲಂಬ ಪಟ್ಟಿಗಳು, ಜಾಲರಿ, ಬಿದಿರಿನ ತಟ್ಟಿ, ಇಲ್ಲವೇ ಸುತ್ತಿಡಬಹುದಾದ ಹೊರಪರದೆ. ಮರ ಬೆಳೆಸಿದರೆ ಇನ್ನೂ ಒಳ್ಳೆಯದು, ಆದರೆ ಮೂರನೆಯ ಅಂತಸ್ತಿಗೆ ನೆರಳು ಬರುವ ಹೊತ್ತಿಗೆ ಈಗಿನ ಮಕ್ಕಳು ಶಾಲೆ ಬಿಟ್ಟಿರುತ್ತಾರೆ. ಯಾವುದೇ ಹಾಕಿ, ಅದು ಕಿಟಕಿ ತೆರೆಯುವುದಕ್ಕೆ ಅಡ್ಡ ಬರಬಾರದು. ಚೆಂದದ ಅಲ್ಯೂಮಿನಿಯಂ ಪಟ್ಟಿ ಹಾಕಿಸಿ, ಆಮೇಲೆ ಕಿಟಕಿ ಬಾಗಿಲು ಅರ್ಧಕ್ಕೇ ಸಿಕ್ಕಿಕೊಳ್ಳುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.

ತಾರಸಿಯ ವಿಷಯ ಸ್ವಲ್ಪ ಬೇರೆ. ಬೇಸಿಗೆಯ ಬಿಸಿಲಿಗೆ ಬಿದ್ದ ಕಪ್ಪು ತಾರಸಿ 60 ಡಿಗ್ರಿ ದಾಟುವುದು ಸಾಮಾನ್ಯ. ಕಾಂಕ್ರೀಟು ಆ ಬಿಸಿಯನ್ನು ಕುಡಿದು, ಕೆಲವು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ನಿಮ್ಮ ಮಕ್ಕಳು ಮಧ್ಯಾಹ್ನದ ಮೇಲೆ ಬಾಡುವುದಕ್ಕೆ ಇದೂ ಒಂದು ಕಾರಣ. ಥರ್ಮಾಮೀಟರ್ 28 ಎಂದು ತೋರಿಸಿದರೂ ನೆತ್ತಿಯ ಮೇಲಿನ ಚಾವಣಿ 36ರಲ್ಲಿದ್ದರೆ ಮೈಗೆ ಅದು 28 ಆಗಿರುವುದಿಲ್ಲ. ಕೆಂಡದ ಮುಂದೆ ಕೂತವರಿಗೆ ಗಾಳಿ ತಣ್ಣಗಿದ್ದರೂ ಮುಖ ಸುಡುವುದಿಲ್ಲವೇ, ಅದೇ ರೀತಿ ಚಾವಣಿಯ ಶಾಖ ನೇರವಾಗಿ ಮೈಗೆ ಬೀಳುತ್ತದೆ. ಇದನ್ನು ಎಸಿ ಸರಿಮಾಡಲಾರದು, ಅದು ಮುಟ್ಟುವುದು ಗಾಳಿಯನ್ನು ಮಾತ್ರ. ಬಿಸಿಲು ತಿರುಗಿಸುವ ಬಿಳಿ ಬಣ್ಣ ಬಳಿದ ತಾರಸಿ ಕಪ್ಪು ತಾರಸಿಗಿಂತ 20 ಡಿಗ್ರಿಗೂ ಹೆಚ್ಚು ತಣ್ಣಗಿರಬಲ್ಲದು. ಧೂಳು ಕೂತರೆ ಬಿಳಿಯ ಗುಣ ಹೋಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಬೇಸಿಗೆಗೆ ಮೊದಲು ತೊಳೆಸಬೇಕು. ಚಳಿಯೇ ಹೆಚ್ಚಿರುವ ಕಡೆ ಬಿಳಿ ಬಣ್ಣದ ಬದಲು ಶಾಖ ತಡೆಯುವ ಪದರಕ್ಕೆ ದುಡ್ಡು ಹಾಕುವುದು ಲೇಸು.

ಇಷ್ಟು ಮಾಡಿದ ಮೇಲೆ ನಿಮ್ಮ ಪ್ರಶ್ನೆಯ ತಿರುಳಿಗೆ ಬರಬಹುದು. ನೆಮ್ಮದಿಗೂ ಉಳಿತಾಯಕ್ಕೂ ಜಗಳ ಇದೆಯೇ? ನೆರಳು, ತಾರಸಿ, ಫ್ಯಾನ್, ಬೆಳಕು ಇವುಗಳಲ್ಲಿ ಇಲ್ಲ, ಎರಡೂ ಒಂದೇ ಕಡೆಗೆ ಎಳೆಯುತ್ತವೆ. ನಿಜವಾದ ಜಗ್ಗಾಟ ಇರುವುದು ಒಂದೇ ಕಡೆ, ಹೊರಗಾಳಿಯಲ್ಲಿ. ಒಬ್ಬರಿಗೆ ಸೆಕೆಂಡಿಗೆ 8 ಲೀಟರ್ ಎಂದರೆ ಕೋಣೆಗೆ 320 ಲೀಟರ್. ಹೊರಗೆ 35 ಡಿಗ್ರಿ, ಒಳಗೆ 27 ಇಡಬೇಕು ಎಂದಾದರೆ ಅಷ್ಟು ಗಾಳಿಯನ್ನು ತಣಿಸಲು 3,000 ವ್ಯಾಟಿನಷ್ಟು ಬಿಸಿಯನ್ನು ಎತ್ತಿ ಹೊರಹಾಕಬೇಕು, ತೇವ ತೆಗೆಯುವ ಖರ್ಚು ಬೇರೆ. ಇದು ಬಿಟ್ಟಿ ಅಲ್ಲ, ಬಿಟ್ಟಿ ಎಂದು ಹೇಳುವವರನ್ನು ನಂಬಬೇಡಿ. ನನ್ನ ಮಟ್ಟಿಗೆ ಇದು ತೆರಲೇಬೇಕಾದ ಬೆಲೆ. ಪಶ್ಚಿಮದ ಗಾಜಿಗೆ ನೆರಳು ಮಾಡಿ ಉಳಿಸಿದ 2,900 ವ್ಯಾಟಿನ ಬಹುಪಾಲನ್ನು ಇಲ್ಲಿ ಖರ್ಚು ಮಾಡಿ. ಒಂದು ಕೈಯಲ್ಲಿ ಬಿಸಿಲಿನಿಂದ ಕಸಿದುಕೊಂಡು ಇನ್ನೊಂದು ಕೈಯಲ್ಲಿ ಮಕ್ಕಳ ಉಸಿರಿಗೆ ಕೊಟ್ಟಂತೆ.

ಆ ಬೆಲೆಯನ್ನು ಕಡಿಮೆ ಮಾಡುವ ದಾರಿಗಳಿವೆ. ದಿನವೆಲ್ಲ ಎಸಿ ಬೇಕಾಗಿಲ್ಲ. ಹೊರಗೆ 30 ಡಿಗ್ರಿ ಆಗುವ ತನಕ ಕಿಟಕಿ ತೆರೆದು, ಫ್ಯಾನ್ ಹಾಕಿ. ಅದು ದಾಟಿದ ಮೇಲಿನ ಎರಡು ಮೂರು ಗಂಟೆಗಷ್ಟೇ ಎಸಿ. ಆಗಲೂ ಪಿರಿಯಡ್ ಬದಲಾಗುವ ಐದು ನಿಮಿಷ ಕಿಟಕಿ, ಬಾಗಿಲು ಪೂರ್ತಿ ತೆರೆಯಲಿ. ಗಂಟೆ ಹೊಡೆದಾಗ ಕಿಟಕಿ ತೆರೆಯುವುದು ಮಾನಿಟರ್ ಮಕ್ಕಳ ಕೆಲಸವಾದರೆ ಒಂದೇ ವಾರದಲ್ಲಿ ರೂಢಿಯಾಗುತ್ತದೆ. ವೆಂಟಿಲೇಟರ್‌ಗೆ ಹಾಕಿಸಿದ ಗಾಜನ್ನು ದಯವಿಟ್ಟು ತೆಗೆಸಿ, ತೆರೆದು ಮುಚ್ಚುವ ಬಾಗಿಲು ಕೂರಿಸಿ. ಕಿಟಕಿ ಒಂದೇ ಗೋಡೆಗಿದ್ದರೆ ಹೊರಗಾಳಿ ಕೋಣೆಯೊಳಗೆ ಚಾವಣಿಯ ಎತ್ತರದ ಎರಡು, ಎರಡೂವರೆ ಪಟ್ಟಿನಷ್ಟು ದೂರ ಮಾತ್ರ ಆಡುತ್ತದೆ. ಎದುರು ಗೋಡೆಯಲ್ಲಿ, ಕಾರಿಡಾರ್ ಕಡೆಗೆ ಮೇಲ್ಗಡೆ ಒಂದು ಕಿಂಡಿ ಇದ್ದರೆ ಆ ದೂರ ಇಮ್ಮಡಿಯಾಗುತ್ತದೆ. ಹಳೆಯ ಶಾಲೆಗಳಲ್ಲಿ ಬಾಗಿಲ ಮೇಲೆ ಕಿಂಡಿ ಇಡುತ್ತಿದ್ದುದು ಅಂದಕ್ಕಲ್ಲ. ಎಸಿ ಕೋಣೆಗಳಿಗೆ ಹೊರಗಾಳಿ ತರುವ ಒಂದು ಸಣ್ಣ ಫ್ಯಾನ್, ಅದಕ್ಕೊಂದು ಫಿಲ್ಟರ್ ಇದ್ದರೂ ಸಾಕಷ್ಟು ವ್ಯತ್ಯಾಸವಾಗುತ್ತದೆ. ಹೊರಗಿನ ಗಾಳಿಯೇ ಹೊಗೆ, ಧೂಳಿನಿಂದ ತುಂಬಿದ್ದರೆ ಈ ಫಿಲ್ಟರ್ ಇರಲೇಬೇಕು.

ಕೊರೆಯುವ ಚಳಿಯ ನಾಡಿನಲ್ಲಿ ಶಾಲೆ ನಡೆಸುವವರಿಗೆ ಒಂದು ಮಾತು. ಅಲ್ಲಿ ಒಳಗಿನಿಂದ ಹೊರಹೋಗುವ ಬೆಚ್ಚನೆ ಗಾಳಿ ಒಳಬರುವ ತಣ್ಣನೆ ಗಾಳಿಯ ಪಕ್ಕದಲ್ಲೇ ಹಾದು, ತನ್ನ ಶಾಖವನ್ನು ಕೊಟ್ಟು ಹೋಗುವ ಯಂತ್ರಗಳಿವೆ. ಒಳಗೆ 20, ಹೊರಗೆ 5 ಡಿಗ್ರಿ ಇರುವಾಗ ಮೇಲೆ ಹೇಳಿದಷ್ಟು ಗಾಳಿಯನ್ನು ಬೆಚ್ಚಗೆ ಮಾಡಲು 5,800 ವ್ಯಾಟ್ ಬೇಕು. ಮುಕ್ಕಾಲು ಪಾಲು ಶಾಖ ವಾಪಸು ಸಿಕ್ಕಿದರೆ ಉಳಿಯುವುದು 1,500ಕ್ಕಿಂತ ಕಡಿಮೆ, ಅಷ್ಟನ್ನು ಮಕ್ಕಳ ಮೈಬಿಸಿಯೇ ತುಂಬುತ್ತದೆ. ವಾಲಸಿಯ ಶಾಲೆಗೆ ಇಲ್ಲದೇ ಹೋದದ್ದು ಈ ಒಂದು ಯಂತ್ರ.

ಈಗ ಎಸಿಯ ರಿಮೋಟಿಗೆ ಬರೋಣ. ಒಬ್ಬರಿಗೆ ಹಿತವೆನಿಸುವುದು ಆರು ಸಂಗತಿಗಳ ಮೇಲೆ ನಿಂತಿದೆ ಎಂದು ಡೆನ್ಮಾರ್ಕಿನ ಓಲೆ ಫ್ಯಾಂಗರ್ 1970ರಲ್ಲಿ ತೋರಿಸಿಕೊಟ್ಟರು: ಗಾಳಿಯ ಬಿಸಿ, ಸುತ್ತಲಿನ ಗೋಡೆ-ಚಾವಣಿಗಳ ಬಿಸಿ, ಗಾಳಿಯ ವೇಗ, ತೇವ, ತೊಟ್ಟ ಬಟ್ಟೆ, ಮಾಡುವ ಕೆಲಸ. ರಿಮೋಟು ಇವುಗಳಲ್ಲಿ ಒಂದನ್ನಷ್ಟೇ ತಿರುಗಿಸುತ್ತದೆ. ಅವರ ಲೆಕ್ಕದಲ್ಲಿ ಇನ್ನೊಂದು ತಮಾಷೆಯ ಸತ್ಯವಿದೆ. ಎಲ್ಲವನ್ನೂ ಎಷ್ಟೇ ಸರಿಯಾಗಿ ಹೊಂದಿಸಿದರೂ ನೂರಕ್ಕೆ ಐವರಿಗೆ ಹಿತವೆನಿಸುವುದಿಲ್ಲ. 40 ಮಕ್ಕಳ ತರಗತಿಯಲ್ಲಿ ಇಬ್ಬರು. ಆ ಇಬ್ಬರ ಮಾತು ಕೇಳಿ ಎಸಿ ತಿರುಗಿಸಿದರೆ ಬೇರೆ ಇಬ್ಬರು ಕೈ ಎತ್ತುತ್ತಾರೆ. ಅಂಥವರ ಜಾಗ ಬದಲಿಸಿ, ಕಿಟಕಿ ಪಕ್ಕ ಅಥವಾ ಫ್ಯಾನ್ ಕೆಳಗೆ.

ಫ್ಯಾಂಗರ್ ಪ್ರಯೋಗಕ್ಕೆ ಕೂರಿಸಿದ್ದು ಹೆಚ್ಚಾಗಿ ಕಾಲೇಜು ವಯಸ್ಸಿನವರನ್ನು, ಅದೂ ಹವೆಯನ್ನು ನಿಯಂತ್ರಿಸಿದ ಕೋಣೆಗಳಲ್ಲಿ. ತೆರೆದ ಕಿಟಕಿಯ ಕಟ್ಟಡಗಳಲ್ಲಿ ಜನ ಇನ್ನಷ್ಟು ಒಗ್ಗಿಕೊಳ್ಳುತ್ತಾರೆ ಎಂದು 1998ರಲ್ಲಿ ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ ತೋರಿಸಿದರು. ಬೇರೆ ಬೇರೆ ದೇಶಗಳ 160 ಕಟ್ಟಡಗಳಿಂದ ಕಲೆಹಾಕಿದ ಸುಮಾರು 21,000 ದಾಖಲೆಗಳು ಅವರ ಮುಂದಿದ್ದವು. ಅವರ ಸೂತ್ರ ಸರಳ: ಹೊರಗಿನ ಸರಾಸರಿ ಬಿಸಿಯನ್ನು 0.31ರಿಂದ ಗುಣಿಸಿ, 17.8 ಕೂಡಿಸಿ. ಹೊರಗೆ ಸರಾಸರಿ 28 ಡಿಗ್ರಿಯಾದರೆ ಒಳಗೆ ಹಿತವಾದದ್ದು 26.5. ಅದರ ಆಚೀಚೆ ಮೂರೂವರೆ ಡಿಗ್ರಿ, ಅಂದರೆ 30ರ ತನಕ, ಹತ್ತರಲ್ಲಿ ಎಂಟು ಮಂದಿ ಸಹಿಸುತ್ತಾರೆ. ಹೊರಗಿನ ಸರಾಸರಿ 12 ಆಗಿದ್ದರೆ ಅದೇ ಸೂತ್ರ 21.5 ಎನ್ನುತ್ತದೆ. ಡೆನ್ಮಾರ್ಕಿನ 20ನ್ನು ತಂದು ನಿಮ್ಮಲ್ಲಿ ನೆಡಬೇಡಿ ಎಂದದ್ದು ಇದಕ್ಕೇ. ಆದರೆ ಒಂದು ಎಚ್ಚರಿಕೆ: ಹಲವು ಅಧ್ಯಯನಗಳಲ್ಲಿ ಮಕ್ಕಳು ದೊಡ್ಡವರಿಗಿಂತ ಒಂದೆರಡು ಡಿಗ್ರಿ ತಣ್ಣಗಿರುವುದನ್ನೇ ಇಷ್ಟಪಟ್ಟಿದ್ದಾರೆ. ರಿಮೋಟ್ ಇರುವುದು ದೊಡ್ಡವರ ಕೈಯಲ್ಲಿ.

ಫ್ಯಾನ್ ಬಗ್ಗೆ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಮೈಮೇಲೆ ಸೆಕೆಂಡಿಗೆ 0.8 ಮೀಟರ್ ವೇಗದಲ್ಲಿ ಗಾಳಿ ಹಾಯ್ದರೆ ಎರಡು ಮೂರು ಡಿಗ್ರಿ ಇಳಿದ ಹಾಗೆ ಅನ್ನಿಸುತ್ತದೆ, ಪುಸ್ತಕದ ಹಾಳೆಯೂ ಹಾರುವುದಿಲ್ಲ. ಹಳೆಯ ಸೀಲಿಂಗ್ ಫ್ಯಾನ್ 70-80 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರಿನದು ಅದೇ ಗಾಳಿಯನ್ನು 30-35ರಲ್ಲಿ ಕೊಡುತ್ತದೆ. ಎಸಿ ಇರುವ ಕೋಣೆಯಲ್ಲೂ ಫ್ಯಾನ್ ತಿರುಗಲಿ, ಎಸಿಯನ್ನು 26 ಅಥವಾ 27ಕ್ಕೆ ಇಡಿ. ಫ್ಯಾನ್ ತಣಿಸುವುದು ಮೈಯನ್ನು, ಕೋಣೆಯನ್ನಲ್ಲ, ಹಾಗಾಗಿ ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನ್ ಶುದ್ಧ ದಂಡ. ಗಾಳಿಯ ಬಿಸಿ ಚರ್ಮದ ಬಿಸಿಯನ್ನು, ಅಂದರೆ 35ರ ಆಸುಪಾಸನ್ನು, ಮೀರಿ ಏರುತ್ತಾ ಹೋದಂತೆ ಫ್ಯಾನಿನ ಉಪಕಾರವೂ ಕ್ಷೀಣಿಸುತ್ತದೆ. ಅಂಥ ದಿನ ಎಸಿಗೆ ಮರ್ಯಾದೆ ಕೊಡಬೇಕು.

ಬಟ್ಟೆಯ ಮಾತನ್ನು ಸಮಿತಿಗಳಲ್ಲಿ ಯಾರೂ ಎತ್ತುವುದಿಲ್ಲ. ಕೋಟು, ಟೈ, ಶೂ, ಕಾಲುಚೀಲ ತೊಟ್ಟ ಮಗುವಿಗಾಗಿ ಎಸಿ ಓಡಿಸುವುದೆಂದರೆ ಕಂಬಳಿ ಹೊದ್ದು ಬೀಸಣಿಗೆ ಬೀಸಿಕೊಳ್ಳುವುದು. ಜಪಾನ್ ಸರಕಾರ 2005ರಲ್ಲಿ ‘ಕೂಲ್ ಬಿಜ್’ ಎಂಬ ಅಭಿಯಾನ ಶುರುಮಾಡಿತು: ಬೇಸಿಗೆಯಲ್ಲಿ ಕಚೇರಿಯ ಎಸಿ 28 ಡಿಗ್ರಿಗೆ, ನೌಕರರು ಟೈ, ಕೋಟು ಬಿಡಬಹುದು. ಒಂದೇ ಒಂದು ಇಟ್ಟಿಗೆ ಅಲುಗಾಡಿಸದೆ ಮಾಡಬಹುದಾದ ಕೆಲಸ ಅದು. ಬೇಸಿಗೆಯ ಸಮವಸ್ತ್ರವನ್ನು ತೆಳು ಹತ್ತಿಯದ್ದಾಗಿ, ಸಡಿಲವಾಗಿ ಮಾಡುವ ತೀರ್ಮಾನ ನಿಮ್ಮ ಸಮಿತಿಯ ಕೈಯಲ್ಲೇ ಇದೆ. ಇದನ್ನು ನಾನು ಇಂಧನ ನೀತಿ ಎಂದೇ ಕರೆಯುತ್ತೇನೆ.

ಬೆಳಕಿನ ಬಗ್ಗೆ ಎರಡೇ ಮಾತು. ಎಲ್‌ಇಡಿ ಹಾಕಿಸಿದ್ದೀರೋ ಇಲ್ಲವೋ ಬರೆದಿಲ್ಲ. ಹಾಕಿಸಿರದಿದ್ದರೆ ಹಾಕಿಸಿ, ಮಿನುಗದ ಜಾತಿಯದನ್ನು ಆರಿಸಿ, ಡೆಸ್ಕಿನ ಮೇಲೆ ಕನಿಷ್ಠ 300 ಲಕ್ಸ್ (ಬೆಳಕಿನ ಅಳತೆ) ಬೀಳುವಂತೆ ನೋಡಿಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು ವೈರಿಂಗ್. ಬಹಳಷ್ಟು ಶಾಲೆಗಳಲ್ಲಿ ಒಂದು ಸ್ವಿಚ್ ಒತ್ತಿದರೆ ಕಿಟಕಿಯಿಂದ ಒಳಗೋಡೆಯ ತನಕ ಒಂದಿಡೀ ಸಾಲು ದೀಪ ಹತ್ತುತ್ತದೆ. ಕತ್ತಲಿರುವುದು ಒಳಗೋಡೆಯ ಹತ್ತಿರ ಮಾತ್ರ, ಆದರೂ ಕಿಟಕಿ ಪಕ್ಕದ ದೀಪಗಳೂ ದಿನವಿಡೀ ಉರಿಯುತ್ತವೆ. ಕಿಟಕಿಗೆ ಸಮಾನಾಂತರವಾದ ಸಾಲಿಗೊಂದು ಸ್ವಿಚ್ ಎಂದು ಬದಲಿಸಿದರೆ, ಆ ಪಕ್ಕದ ಸಾಲು ಹಗಲಿನಲ್ಲಿ ಹತ್ತಲೇಬೇಕಿಲ್ಲ.

ಇನ್ನು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಉಳಿತಾಯ ಅಡಗಿರುವ ಜಾಗ. ಶಾಲೆ ವರ್ಷಕ್ಕೆ 200 ದಿನ, ದಿನಕ್ಕೆ 7 ಗಂಟೆ ನಡೆಯುತ್ತದೆ ಎಂದುಕೊಳ್ಳಿ. 1,400 ಗಂಟೆ. ವರ್ಷಕ್ಕಿರುವ ಗಂಟೆ 8,760. ಅಂದರೆ ನೂರಕ್ಕೆ 84 ಪಾಲು ಹೊತ್ತು ಕಟ್ಟಡ ಖಾಲಿ. ಆ ಹೊತ್ತಿನಲ್ಲಿ ಮೀಟರ್ ಓಡುತ್ತಿದ್ದರೆ ಅದರಲ್ಲಿ ಯಾವ ಮಗುವಿನ ನೆಮ್ಮದಿಯೂ ಇಲ್ಲ, ಕಡಿದರೆ ಯಾರಿಗೂ ನೋವಿಲ್ಲ. ರಜೆಗೆ ಹಿಂದಿನ ಸಂಜೆ ಬಾಗಿಲು ಹಾಕಿದ ಮೇಲೆ ಮೀಟರ್ ನೋಡಿ ಬರೆದಿಡಿ. ಮತ್ತೆ ಶಾಲೆ ತೆರೆಯುವ ಬೆಳಿಗ್ಗೆ, ಮೊದಲ ಸ್ವಿಚ್ ಒತ್ತುವ ಮೊದಲು, ಇನ್ನೊಮ್ಮೆ ನೋಡಿ. ಕಳೆದಾಗ ಬರುವ ಯೂನಿಟ್‌ಗಳು ಎಲ್ಲಿ ಹೋದವು ಎಂದು ಹುಡುಕುತ್ತಾ ಹೊರಟರೆ ನೀರಿನ ಕೂಲರ್, ಸ್ಟ್ಯಾಂಡ್‌ಬೈಯಲ್ಲಿ ಕೂತ ಪ್ರೊಜೆಕ್ಟರ್‌ಗಳು, ಕಂಪ್ಯೂಟರ್ ಲ್ಯಾಬಿನ ಯುಪಿಎಸ್, ಸೋರುವ ನಲ್ಲಿಯಿಂದಾಗಿ ಮತ್ತೆ ಮತ್ತೆ ಏಳುವ ಪಂಪು, ಕಚೇರಿಯಲ್ಲಿ ಆರಿಸಲು ಮರೆತ ಎಸಿ, ಒಂದೊಂದಾಗಿ ಸಿಗುತ್ತವೆ. ಒಂದು ಶಾಲೆಯಲ್ಲಿ ನಾನು ಇದೇ ಹುಡುಕಾಟದಲ್ಲಿದ್ದಾಗ ಬೇರೆಯದೇ ಸಿಕ್ಕಿತು. ಎಸಿಯ ಬಿಸಿ ಅಳೆಯುವ ಸಂವೇದಕವನ್ನು ಪ್ರೊಜೆಕ್ಟರ್‌ನ ಬಿಸಿಗಾಳಿ ಬಡಿಯುವ ಜಾಗದಲ್ಲೇ ಕೂರಿಸಿದ್ದರು. ಪ್ರೊಜೆಕ್ಟರ್ ಹಾಕಿದಾಗಲೆಲ್ಲ ಎಸಿಗೆ ಕೋಣೆ ಕಾದಿದೆ ಎಂಬ ಭ್ರಮೆ. ಮಕ್ಕಳು ನಡುಗುತ್ತಿದ್ದರು, ಟೀಚರ್ ಕಿಟಕಿ ತೆರೆಯುತ್ತಿದ್ದರು, ಆಡಳಿತದವರು ಟೀಚರನ್ನು ಬೈಯುತ್ತಿದ್ದರು. ಸಂವೇದಕವನ್ನು ಎರಡು ಮೀಟರ್ ಆಚೆ ಸರಿಸಿದೆವು, ಅಷ್ಟೇ.

ವೇಳಾಪಟ್ಟಿಯೂ ನಿಮ್ಮ ಕೈಯಲ್ಲಿರುವ ಒಂದು ಉಪಕರಣ. ಪಶ್ಚಿಮದ ಆರು ಕೋಣೆಗಳನ್ನು ಬೆಳಿಗ್ಗೆ ತರಗತಿಗೆ ಬಳಸಿ, ಮಧ್ಯಾಹ್ನದ ಮೇಲೆ ಆ ಮಕ್ಕಳು ಲ್ಯಾಬ್, ಗ್ರಂಥಾಲಯ, ಆಟ, ಚಿತ್ರಕಲೆಗೆ ಪೂರ್ವದ ಕಡೆಗೋ ಕೆಳ ಅಂತಸ್ತಿಗೋ ಇಳಿಯುವಂತೆ ಮಾಡಬಹುದೇ ನೋಡಿ. ಆರೂ ಕೋಣೆಗೆ ಆಗದಿರಬಹುದು, ಮೂರಕ್ಕೆ ಆದರೂ ಮೂರು ಎಸಿಗಳ ಅತಿ ದುಬಾರಿ ಗಂಟೆಗಳು ಉಳಿದವು.

ಸದ್ದಿನ ವಿಷಯ ಒಂದಿಷ್ಟು. ಕಿಟಕಿ ತೆರೆದರೆ ರಸ್ತೆಯ ಗದ್ದಲ ಒಳಗೆ ಬರುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಎನ್ನುತ್ತದೆ ಅಮೆರಿಕದ ಮಾನದಂಡ. ಹಳೆಯ ಎಸಿಯೂ ಅದನ್ನು ಸಲೀಸಾಗಿ ಮೀರುತ್ತದೆ ಎಂಬುದು ನೆನಪಿರಲಿ. ರಸ್ತೆ ಕಡೆಯ ಕಿಟಕಿ ಮುಚ್ಚಿ, ಅಂಗಳದ ಕಡೆಯ ಕಿಂಡಿ ತೆರೆಯುವುದು ಸಾಮಾನ್ಯವಾಗಿ ಸಾಕಾಗುತ್ತದೆ.

ಯಾವುದನ್ನೂ ಮಾಡುವ ಮೊದಲು ಎರಡು ವಾರ ಅಳೆಯಿರಿ. ಎರಡೋ ಮೂರೋ ಇಂಗಾಲದ ಡೈಆಕ್ಸೈಡ್ ಮೀಟರ್ ಸಾಕು. ಕೊಳ್ಳುವಾಗ ಅದು ಅತಿಗೆಂಪು ಬೆಳಕಿನಿಂದ ನೇರವಾಗಿ ಅಳೆಯುವ ‘ಎನ್‌ಡಿಐಆರ್’ ಜಾತಿಯದೇ ಎಂದು ಖಚಿತಪಡಿಸಿಕೊಳ್ಳಿ. ಬೇರೆ ಆವಿಗಳನ್ನು ಅಳೆದು ಡೈಆಕ್ಸೈಡ್ ಎಷ್ಟಿದೆ ಎಂದು ಊಹಿಸಿ ಹೇಳುವ ಅಗ್ಗದ ಮೀಟರ್‌ಗಳು ಸ್ಯಾನಿಟೈಸರ್ ಬಾಟಲಿ ತೆರೆದರೂ ಬೆಚ್ಚಿಬೀಳುತ್ತವೆ. ಮೊದಲು ಮೈದಾನದಲ್ಲಿಟ್ಟು 420ರ ಆಸುಪಾಸು ತೋರಿಸುತ್ತದೆಯೇ ನೋಡಿ. ಆಮೇಲೆ ಕೂತ ಮಕ್ಕಳ ತಲೆಯ ಎತ್ತರಕ್ಕೆ, ಕಿಟಕಿಯಿಂದ ದೂರ, ಯಾರ ಉಸಿರೂ ನೇರ ಬಡಿಯದ ಕಡೆ ಇಡಿ. 1,000ದ ಒಳಗಿದ್ದರೆ ಒಳ್ಳೆಯದು. 1,500 ದಾಟಿಯೇ ಇರುತ್ತದೆ ಎಂದಾದರೆ ಕಿಟಕಿ ತೆರೆಯುವ ಶಿಕ್ಷಕರಿಗೆ ಸಮಿತಿಯ ಪರವಾಗಿ ಕ್ಷಮೆ ಕೇಳಿ.

ಸೌರಫಲಕದ ವಿಷಯ. ನಾನು ಅದರ ವಿರೋಧಿಯಲ್ಲ. ಶಾಲೆ ನಡೆಯುವುದೇ ಹಗಲಿನಲ್ಲಿ, ಫಲಕ ದುಡಿಯುವುದೂ ಹಗಲಿನಲ್ಲಿ, ಜೋಡಿ ಚೆನ್ನಾಗಿಯೇ ಇದೆ. ಆದರೆ ಈಗಲೇ ಹಾಕಿಸಿದರೆ ತೂತು ಕೊಡಕ್ಕೆ ನೀರು ಹೊಯ್ದಂತಾಗುತ್ತದೆ. ಬಿಲ್ ಇಳಿದದ್ದು ಕಂಡು ಸಮಿತಿ ಸಮಾಧಾನಪಟ್ಟುಕೊಳ್ಳುತ್ತದೆ, ಮೇಲಿನ ಅಂತಸ್ತು ಹಾಗೇ ಧಗಧಗ, ಮಕ್ಕಳು ಹಾಗೇ ತೂಕಡಿಕೆ. ಮೊದಲು ಅಳತೆ ಮತ್ತು ಖಾಲಿ ಗಂಟೆಗಳ ಸೋರಿಕೆ, ಆಮೇಲೆ ವೆಂಟಿಲೇಟರ್, ಪಶ್ಚಿಮದ ನೆರಳು, ತಾರಸಿ, ಅದಾದ ಮೇಲೆ ಫ್ಯಾನ್ ಮತ್ತು ಸ್ವಿಚ್‌ಗಳು. ಇಷ್ಟಾದ ಮೇಲೆ ಒಂದು ಬೇಸಿಗೆ ಕಳೆಯಲಿ. ಆಗ ನಿಮಗೆ ನಿಜವಾಗಿ ಎಷ್ಟು ವಿದ್ಯುತ್ ಬೇಕು ಎಂಬುದು ಗೊತ್ತಾಗುತ್ತದೆ, ಈಗ ಅಂದುಕೊಂಡದ್ದಕ್ಕಿಂತ ಕಡಿಮೆ ಫಲಕ ಸಾಕಾಗುತ್ತದೆ. ಫಲಕಗಳು ತಾರಸಿಗೆ ನೆರಳಾಗುವುದು ಹೆಚ್ಚುವರಿ ಲಾಭ. ಒಂದೇ ಒಂದು ಜಾಗ್ರತೆ: ಚೌಕಟ್ಟು ಕೂರಿಸುವವರು ಬರುವ ಮೊದಲೇ ನೀರು ಸೋರುವ ಬಿರುಕುಗಳ ರಿಪೇರಿ, ಬಿಳಿ ಬಣ್ಣ ಎಲ್ಲ ಮುಗಿದಿರಲಿ. ಫಲಕಗಳ ಕೆಳಗೆ ಬಗ್ಗಿಕೊಂಡು ಬ್ರಷ್ ಆಡಿಸಲು ಆಮೇಲೆ ಯಾರೂ ಒಪ್ಪುವುದಿಲ್ಲ.